ಮುಟ್ಟು ಮುಗಿದರೂ ಮುಗಿಯದ ಕಿಬ್ಬೊಟ್ಟೆ ನೋವು: ಒಂದರ ಬೆನ್ನಿಗೆ ಇನ್ನೊಂದು ಕಾಯಿಲೆ ಏಕೆ ಬರುತ್ತದೆ?

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ಮನೆಯ ಗಂಡಸರೆದುರು ಆಡದಿದ್ದ ಮಾತು ದಿನಪತ್ರಿಕೆಗೆ ಬಂತು, ಒಳ್ಳೆಯದೇ ಆಯಿತು. ಆದರೆ ಆ ರಜೆ ಒಂದು ದಿನದ್ದು. ಮುಟ್ಟು ನಿಂತ ಮೇಲೂ ನಿಲ್ಲದೆ ತಿಂಗಳ ಅರ್ಧಕ್ಕೂ ಹೆಚ್ಚು ದಿನ ಕಿಬ್ಬೊಟ್ಟೆ ನೋವಿನಲ್ಲಿ ಕಳೆಯುವವರಿದ್ದಾರೆ. ಅಂಥವರ ಮನೆಯ ಬೀರುವಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಫೈಲುಗಳಿರುತ್ತವೆ. ಸ್ತ್ರೀರೋಗ ತಜ್ಞರದೊಂದು, ಉರಿಮೂತ್ರಕ್ಕೆ ತೋರಿಸಿದ್ದೊಂದು, ‘ಗ್ಯಾಸ್ಟ್ರಿಕ್’ ಎಂದು ತೋರಿಸಿದ್ದೊಂದು, ತಲೆನೋವಿನದು ಇನ್ನೊಂದು. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ ಒಟ್ಟಿಗೆ ಓದಿದವರು ಮಾತ್ರ ಯಾರೂ ಇರುವುದಿಲ್ಲ. ಹಾಗೆ ಒಟ್ಟಿಗೆ ಓದುವುದು ಹೇಗೆ, ಏಕೆ ಓದಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ.

ಯಾವುದಕ್ಕೆ ಈ ಹೆಸರು?

ಹೊಕ್ಕುಳಿನ ಕೆಳಗಿನಿಂದ ತೊಡೆಸಂದಿನವರೆಗೆ, ಹಿಂದೆ ಸೊಂಟದ ಬುಡದವರೆಗೆ ಎಲ್ಲಾದರೂ ನೋವು ಆರು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ವೈದ್ಯರು ಅದನ್ನು ದೀರ್ಘಕಾಲದ ಕಿಬ್ಬೊಟ್ಟೆ ನೋವು ಎನ್ನುತ್ತಾರೆ. ನೋವು ಸದಾ ಇರಬೇಕೆಂದಿಲ್ಲ, ಬಿಟ್ಟುಬಿಟ್ಟು ಬಂದರೂ ಲೆಕ್ಕಕ್ಕೆ ಸೇರುತ್ತದೆ. ಮುಟ್ಟಿನ ಮೊದಲೆರಡು ದಿನ ಬಂದು, ಒಂದು ಮಾತ್ರೆಗೆ ಇಳಿದು ಹೋಗುವ ನೋವು ಇದರಲ್ಲಿ ಸೇರುವುದಿಲ್ಲ. ಆದರೆ ಪ್ರತಿ ತಿಂಗಳೂ ಶಾಲೆ ಬಿಡಿಸುವ, ಕೂಲಿ ತಪ್ಪಿಸುವ ಮುಟ್ಟಿನ ನೋವನ್ನು ‘ಮದುವೆಯಾದರೆ ಸರಿಹೋಗುತ್ತೆ, ಒಂದು ಮಗು ಆಗಲಿ’ ಎಂದು ತಳ್ಳಿಹಾಕಬಾರದು. ವರ್ಷಗಟ್ಟಲೆ ಉಳಿಯುವ ನೋವು ಎಷ್ಟೋ ಸಲ ಅಲ್ಲಿಂದಲೇ ಶುರುವಾಗುತ್ತದೆ.

ಇದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ಜ್ವರ ಎಂದರೆ ಮಲೇರಿಯಾವೋ ಟೈಫಾಯಿಡೋ ಎಂದು ಹೇಳಿದಂತಾಗುವುದಿಲ್ಲವಲ್ಲ, ಹಾಗೆ. ವ್ಯತ್ಯಾಸವೇನೆಂದರೆ ಜ್ವರಕ್ಕೆ ಸಾಮಾನ್ಯವಾಗಿ ಒಂದೇ ಕಾರಣವಿರುತ್ತದೆ, ಈ ನೋವಿಗೆ ಒಟ್ಟೊಟ್ಟಿಗೆ ಎರಡು ಮೂರು ಕಾರಣಗಳಿರುವುದೇ ಹೆಚ್ಚು.

ಒಂದೇ ಟಿಸಿ, ಹಲವು ಮನೆ

ಸೊಂಟದ ಮೂಳೆಗಳು ಸೇರಿ ಒಂದು ಬೋಗುಣಿಯಂತಾಗಿವೆ. ಅದರೊಳಗೆ ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ ಮತ್ತು ಅಂಡಾಶಯಗಳು, ಹಿಂದೆ ಗುದನಾಳ. ಬೋಗುಣಿಯ ತಳ ಮೂಳೆಯದಲ್ಲ. ತೊಟ್ಟಿಲಿಗೆ ಕಟ್ಟಿದ ಬಟ್ಟೆಯಂತೆ ಮುಂದಿನಿಂದ ಹಿಂದಕ್ಕೆ ಹಿಗ್ಗಿ ನಿಂತ ಸ್ನಾಯುಗಳ ಪದರ ಅದು. ಮೂತ್ರ, ಮಲ ತಡೆಯುವುದೂ ಬಿಡುವುದೂ ಈ ತಳದ ಸ್ನಾಯುಗಳ ಕೆಲಸ.

ಇಷ್ಟೂ ಅಂಗಗಳ ಸುದ್ದಿ ಹೊತ್ತ ನರಗಳು ಬೆನ್ನುಹುರಿಯನ್ನು ಸೇರುವುದು ಎರಡೇ ಕಡೆ. ಒಂದು ಬೆನ್ನಿನ ಕೆಳಭಾಗ ಮತ್ತು ಸೊಂಟ ಕೂಡುವ ಮಟ್ಟ, ಇನ್ನೊಂದು ಸೊಂಟದ ಬುಡದ ತ್ರಿಕಾಸ್ಥಿಯ 2, 3, 4ನೇ ನರಗಳ ಮಟ್ಟ. ಹಳ್ಳಿಯಲ್ಲಿ ಒಂದೇ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಹತ್ತಾರು ಮನೆಗಳಿಗೆ ಲೈನು ಎಳೆದಿರುತ್ತಾರೆ. ಒಬ್ಬರ ಮೋಟಾರು ಕೆಟ್ಟು ವಿಪರೀತ ಕರೆಂಟು ಎಳೆದರೆ ಪಕ್ಕದ ಮನೆಯ ಬಲ್ಬು ಮಂಕಾಗುತ್ತದೆ. ಪಕ್ಕದವರು ಬಲ್ಬು ಬದಲಿಸುತ್ತಲೇ ಇದ್ದರೆ ಬಲ್ಬಿನ ದುಡ್ಡು ಹೋಗುತ್ತದೆ, ಬೆಳಕು ಬರುವುದಿಲ್ಲ. ಗರ್ಭಕೋಶದ ಸುತ್ತ ಎದ್ದ ಉರಿಯೂತ ಮೂತ್ರಕೋಶದಲ್ಲಿ ಉರಿಯಾಗಿ, ಕರುಳಿನಲ್ಲಿ ಹಿಡಿತವಾಗಿ ಕಾಣಿಸುವುದು ಹೀಗೆಯೇ. ಒಂದು ಅಂಗದ ತೊಂದರೆಗೆ ಸರಿಯಾದ ಚಿಕಿತ್ಸೆ ಸಿಕ್ಕಾಗ, ಯಾರೂ ಮುಟ್ಟದ ಪಕ್ಕದ ಅಂಗದ ನೋವೂ ಇಳಿಯುವುದುಂಟು.

ಒಳಗೆ ನೋವಿದ್ದಾಗ ತಳದ ಸ್ನಾಯು ಗೊತ್ತಿಲ್ಲದೆ ಬಿಗಿದುಕೊಳ್ಳುತ್ತದೆ. ಪೆಟ್ಟು ಬಿದ್ದ ಕೈಯನ್ನು ಎದೆಗೆ ಒತ್ತಿಕೊಳ್ಳುತ್ತೇವಲ್ಲ, ಅದೇ ಬಗೆಯ ರಕ್ಷಣೆ ಇದು. ತಿಂಗಳುಗಟ್ಟಲೆ ಬಿಗಿದ ಸ್ನಾಯು ತಾನೇ ನೋಯತೊಡಗುತ್ತದೆ. ಮೂತ್ರ ತಡೆತಡೆದು ಬರುತ್ತದೆ, ಮಲ ಪೂರ್ತಿ ಇಳಿಯದಂತಾಗುತ್ತದೆ, ಸಂಭೋಗ ನೋಯುತ್ತದೆ. ಮೊದಲ ಕಾರಣ ವಾಸಿಯಾದ ಮೇಲೂ ಈ ಬಿಗಿತ ಉಳಿದುಬಿಡಬಹುದು.

ಆನೆ ಹೋದರೂ ನಿಲ್ಲದ ಸೈರನ್

ಆನೆಕಾಟ ಗೊತ್ತಿರುವ ಆಲೂರು, ಸಕಲೇಶಪುರದ ಕಡೆಯವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ತೋಟದ ಬೇಲಿಗೆ ಸೈರನ್ ಕಟ್ಟಿದ್ದಾರೆ, ಆನೆ ತಾಗಿದರೆ ಅದು ಕೂಗಬೇಕು ಎಂದಿಟ್ಟುಕೊಳ್ಳಿ. ಆನೆ ಮತ್ತೆ ಮತ್ತೆ ಬಂತೆಂದು ಸೈರನ್ನನ್ನು ಇನ್ನಷ್ಟು ಸೂಕ್ಷ್ಮ ಮಾಡಿದರು. ಈಗ ಕರು ಮೈ ತಿಕ್ಕಿದರೂ ಕೂಗು, ಗಾಳಿಗೆ ಸಿಲ್ವರ್ ಮರದ ಕೊಂಬೆ ತಾಗಿದರೂ ಕೂಗು. ಆನೆ ಇಲ್ಲದಿದ್ದರೂ ಕೂಗು ಸುಳ್ಳಲ್ಲ, ಮನೆಯವರ ನಿದ್ದೆ ಕೆಡುವುದೂ ಸುಳ್ಳಲ್ಲ.

ನೋವಿನ ಸುದ್ದಿ ಬಹುಕಾಲ ಹರಿದುಬಂದರೆ ಬೆನ್ನುಹುರಿ ಮತ್ತು ಮಿದುಳು ಇದೇ ರೀತಿ ಅತಿಸೂಕ್ಷ್ಮವಾಗುತ್ತವೆ. ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಪ್ರಾಣಿಗಳ ಬೆನ್ನುಹುರಿಯಲ್ಲಿ ಈ ಬದಲಾವಣೆಯನ್ನು ತೋರಿಸಿಕೊಟ್ಟರು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ, ಗಾಯದಿಂದ ಬರುವ ನೋವು, ನರ ಕೆಟ್ಟು ಬರುವ ನೋವು ಎಂಬ ಎರಡು ಬಗೆಗಳ ಜೊತೆಗೆ, ನೋವಿನ ವ್ಯವಸ್ಥೆಯೇ ಏರುಪೇರಾಗಿ ಬರುವ ನೋವು ಎಂಬ ಮೂರನೆಯ ಬಗೆಯನ್ನು ಒಪ್ಪಿಕೊಂಡಿತು. ಮೂತ್ರಕೋಶ ಅರ್ಧ ತುಂಬಿದ್ದೇ ಉರಿಯಾಗುವುದು, ಲಂಗದ ಲಾಡಿ ತಾಗಿದರೂ ನೋಯುವುದು ಇದರ ಗುರುತುಗಳು.

‘ಎಲ್ಲ ನಿನ್ನ ಮನಸ್ಸಿನದು’ ಎಂಬ ಮಾತು ತಪ್ಪಾಗುವುದು ಇಲ್ಲಿಯೇ. ಬದಲಾಗಿರುವುದು ನರಮಂಡಲ, ಅದು ದೇಹದ ಭಾಗ. ನಿದ್ದೆಗೇಡು, ಆತಂಕ, ಹಿಂದೆಂದೋ ಅನುಭವಿಸಿದ ಹಿಂಸೆ ಸೈರನ್ನಿನ ಸೂಕ್ಷ್ಮತೆ ಏರಿಸುತ್ತವೆ, ನಿಜ. ಆದರೆ ನೋವು ಕಲ್ಪನೆ ಎಂದು ಅದರ ಅರ್ಥವಲ್ಲ.

ಜೊತೆಗೂಡಿ ಬರುವ ಕಾಯಿಲೆಗಳು

ಸೈರನ್ ಇಡೀ ತೋಟದ್ದಾದರೆ ಕೂಗು ಒಂದೇ ಮೂಲೆಗೆ ನಿಲ್ಲುವುದಿಲ್ಲ. ಒಬ್ಬರಲ್ಲೇ ಗುಂಪಾಗಿ ಕಾಣುವ ಹತ್ತು ಕಾಯಿಲೆಗಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಂದೇ ಪಟ್ಟಿಯಲ್ಲಿಟ್ಟಿದೆ: ಎಂಡೋಮೆಟ್ರಿಯೋಸಿಸ್, ಮೂತ್ರಕೋಶದ ನೋವು, ಐಬಿಎಸ್ ಎಂಬ ಕರುಳಿನ ತೊಂದರೆ, ಯೋನಿದ್ವಾರದ ನೋವು, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ, ಮೈಗ್ರೇನ್, ಬಿಗಿತದ ತಲೆನೋವು, ದವಡೆಕೀಲಿನ ನೋವು, ಸೊಂಟನೋವು, ವಿಶ್ರಾಂತಿಗೂ ಇಳಿಯದ ಆಯಾಸದ ಕಾಯಿಲೆ. ಇವುಗಳಲ್ಲಿ ಒಂದು ಇದ್ದವರಲ್ಲಿ ಇನ್ನೊಂದು ಇರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು.

ಕಿಬ್ಬೊಟ್ಟೆ ನೋವಿನ ನಾಲ್ಕು ಮುಖ್ಯ ಮೂಲಗಳನ್ನು ಗುರುತಿಸಲು ಕಲಿತರೆ ಅರ್ಧ ದಾರಿ ಸವೆದಂತೆ.

ಎಂಡೋಮೆಟ್ರಿಯೋಸಿಸ್ ಎಂದರೆ ಗರ್ಭಕೋಶದ ಒಳಪದರದಂಥದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯ, ಕರುಳು, ಮೂತ್ರಕೋಶದ ಮೇಲೆ ಬೆಳೆಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನವರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ, ಅಂದರೆ ಜಗತ್ತಿನಲ್ಲಿ 19 ಕೋಟಿ ಜನಕ್ಕೆ ಇದು ಇದೆ. ಮುಟ್ಟಿಗೆ ಎರಡು ಮೂರು ದಿನ ಮೊದಲೇ ನೋವು ಶುರು, ಮುಟ್ಟಿನ ದಿನಗಳಲ್ಲಿ ಮಲ ಇಳಿಯುವಾಗ ಚುಚ್ಚು, ಸಂಭೋಗದಲ್ಲಿ ಆಳದ ನೋವು, ಮಗು ನಿಲ್ಲಲು ತಡ, ಇವು ಅದರ ಸುಳಿವುಗಳು.

ಮೂತ್ರಕೋಶದ ನೋವಿನಲ್ಲಿ ಮೂತ್ರ ತುಂಬುತ್ತ ಹೋದಂತೆ ನೋವು ಏರುತ್ತದೆ, ಹೊಯ್ದ ಮೇಲೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಊರಲ್ಲಿ ಇದನ್ನು ಉಷ್ಣ ಎಂದು ಎಳನೀರು ಕೊಡುತ್ತಾರೆ, ಕ್ಲಿನಿಕ್ಕಿನಲ್ಲಿ ಸೋಂಕು ಎಂದು ಆ್ಯಂಟಿಬಯೋಟಿಕ್ ಕೊಡುತ್ತಾರೆ. ಸೋಂಕೋ ಅಲ್ಲವೋ ಹೇಳುವುದು, ಮೂತ್ರದಲ್ಲಿ ಸೂಕ್ಷ್ಮಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾತ್ರ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು, ಮಾತ್ರೆ ಶುರುವಾಗುವ ಮೊದಲೇ ಕೊಡಬೇಕು, ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ದೂರದ ಹಳ್ಳಿಯಿಂದ ಬಾಟಲಿಯಲ್ಲಿ ತಂದ ಮೂತ್ರದಲ್ಲಿ ದಾರಿಯಲ್ಲೇ ಸೂಕ್ಷ್ಮಾಣು ಬೆಳೆದು ಸುಳ್ಳು ಸೋಂಕು ಕಾಣುವುದರಿಂದ ಲ್ಯಾಬಿನಲ್ಲೇ ಹಿಡಿದುಕೊಡುವುದು ಮೇಲು. ಎರಡು ಮೂರು ಸಲ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಮತ್ತೆ ಮತ್ತೆ ಆ್ಯಂಟಿಬಯೋಟಿಕ್ ನುಂಗುವುದರಲ್ಲಿ ಅರ್ಥವಿಲ್ಲ.

ಐಬಿಎಸ್‌ಗೆ ವೈದ್ಯರು ಬಳಸುವ ಅಳತೆಗೋಲು ಇದು: ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಕನಿಷ್ಠ ಒಂದು ದಿನ ಹೊಟ್ಟೆನೋವು, ಅದರ ಜೊತೆ ಈ ಮೂರರಲ್ಲಿ ಎರಡು. ಮಲ ಇಳಿದರೆ ನೋವು ಬದಲಾಗುವುದು, ಎಷ್ಟು ಸಲ ಹೋಗುತ್ತೀರಿ ಎಂಬುದು ಬದಲಾಗುವುದು, ಮಲದ ರೂಪ ಬದಲಾಗುವುದು. ‘ಗ್ಯಾಸ್ಟ್ರಿಕ್’ ಮಾತ್ರೆ ಹೊಟ್ಟೆಯ ಆಮ್ಲ ತಗ್ಗಿಸುವಂಥದು, ಈ ಕರುಳಿನ ನೋವನ್ನು ಅದು ಮುಟ್ಟುವುದೇ ಇಲ್ಲ.

ನಾಲ್ಕನೆಯದು ಸ್ನಾಯುವಿನದು. ಹೊಟ್ಟೆಯ ಗೋಡೆಯಲ್ಲಿ, ಅದರಲ್ಲೂ ಸಿಸೇರಿಯನ್ ಅಥವಾ ಸಂತಾನಹರಣ ಚಿಕಿತ್ಸೆಯ ಕಲೆಯ ಹತ್ತಿರ, ಬೆರಳ ತುದಿಯಷ್ಟು ಜಾಗದಲ್ಲಿ ನೋವಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಅಂಗಾತ ಮಲಗಿಸಿ, ವೈದ್ಯರು ಆ ಜಾಗ ಒತ್ತಿಹಿಡಿದು, ತಲೆ ಮತ್ತು ಭುಜ ಎತ್ತಲು ಹೇಳುತ್ತಾರೆ. ನೋವು ಹೆಚ್ಚಾದರೆ ಅದು ಬಹುಮಟ್ಟಿಗೆ ಗೋಡೆಯದು, ಒಳಗಿನ ಅಂಗದ್ದಲ್ಲ. ಅಂಥ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಹಲವರಿಗೆ ಇಳಿಯುತ್ತದೆ. ಇಷ್ಟು ಸಣ್ಣ ಪರೀಕ್ಷೆ ತಪ್ಪಿಹೋದ್ದಕ್ಕೆ ವರ್ಷಗಟ್ಟಲೆ ಸ್ಕ್ಯಾನಿಂಗ್ ಮಾಡಿಸುತ್ತಲೇ ಇರುವವರನ್ನು ಕಂಡರೆ ಸಂಕಟವಾಗುತ್ತದೆ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಗರ್ಭನಾಳದ ಕ್ಷಯ. ಮುಟ್ಟು ಕಡಿಮೆಯಾಗುವುದು, ಮಕ್ಕಳಾಗದಿರುವುದು, ತೂಕ ಇಳಿಯುವುದು, ಸಂಜೆಯ ಜ್ವರ ಇದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸುತ್ತಾರೆ. ಕ್ಷಯದ ಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಸ್ಕ್ಯಾನಿಂಗ್ ನಾರ್ಮಲ್ ಎಂದರೆ?

ಸ್ಕ್ಯಾನಿಂಗ್ ಗಡ್ಡೆ, ನೀರುಗುಳ್ಳೆ, ಎಂಡೋಮೆಟ್ರಿಯೋಸಿಸ್‌ನಿಂದ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ ಆಗುವ ಚಾಕೊಲೇಟ್ ಸಿಸ್ಟ್ ಇವನ್ನು ಕಾಣಿಸುತ್ತದೆ. ಪದರದ ಮೇಲೆ ಚುಕ್ಕಿಚುಕ್ಕಿಯಾಗಿ ಹರಡಿದ ಎಂಡೋಮೆಟ್ರಿಯೋಸಿಸ್, ಬಿಗಿದ ಸ್ನಾಯು, ಅತಿಸೂಕ್ಷ್ಮವಾದ ನರ ಇವ್ಯಾವುದೂ ಅದರಲ್ಲಿ ಬೀಳುವುದಿಲ್ಲ. ಆದ್ದರಿಂದ ನಾರ್ಮಲ್ ಎಂಬ ರಿಪೋರ್ಟಿನ ಅರ್ಥ ‘ದೊಡ್ಡ ಗಡ್ಡೆ ಇಲ್ಲ’ ಎಂದಷ್ಟೇ. ಮೊದಲೆಲ್ಲ ಎಂಡೋಮೆಟ್ರಿಯೋಸಿಸ್ ಎಂದು ಹೇಳಲು ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾದಲ್ಲಿ ನೋಡಲೇಬೇಕಿತ್ತು. ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿ ಆ ಕಡ್ಡಾಯವನ್ನು ಸಡಿಲಿಸಿದೆ. ಲಕ್ಷಣ ಹೊಂದಿದರೆ ಮೊದಲು ಮದ್ದು ಕೊಟ್ಟು ನೋಡಬಹುದು.

ಒಂದರ ಮದ್ದು ಇನ್ನೊಂದಕ್ಕೆ ಮುಳುವಾದಾಗ

ನಾಲ್ಕು ಫೈಲು ನಾಲ್ಕು ಕಡೆ ಇದ್ದರೆ ಆಗುವ ನಿಜವಾದ ಅಪಾಯ ಇದು. ಕಣ್ಣಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡು ಆಮೇಲೆ ಮೈಗ್ರೇನ್ ಬರುವವರು ಈಸ್ಟ್ರೊಜನ್ ಇರುವ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಬಾರದು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಮುಟ್ಟಿನ ನೋವಿಗೆಂದು ಹಾರ್ಮೋನ್ ಮಾತ್ರೆ ಬರೆಯುವ ವೈದ್ಯರಿಗೆ ನಿಮ್ಮ ತಲೆನೋವಿನ ಸುದ್ದಿ ಗೊತ್ತಿರಲೇಬೇಕು. ಅಂಥವರಿಗೆ ಡೈನೊಜೆಸ್ಟ್ 2 ಮಿ.ಗ್ರಾಂನಂಥ ಈಸ್ಟ್ರೊಜನ್ ಇಲ್ಲದ ಮಾತ್ರೆಗಳಿವೆ. ಶುರುವಿನ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ರಕ್ತ ಕಾಣಿಸಬಹುದು ಎಂದು ಮೊದಲೇ ತಿಳಿದಿದ್ದರೆ ಗಾಬರಿಯಿಂದ ಬಿಟ್ಟುಬಿಡುವುದು ತಪ್ಪುತ್ತದೆ.

ಮೆಫೆನಾಮಿಕ್ ಆ್ಯಸಿಡ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ಮುಟ್ಟಿನ ನೋವಿಗೆ ಒಳ್ಳೆಯ ಮದ್ದು. ನೋವು ತಲೆಗೇರುವವರೆಗೆ ಕಾಯದೆ ಶುರುವಾಗುತ್ತಿದ್ದಂತೆ, ಊಟದ ನಂತರ, ಎರಡು ಮೂರು ದಿನ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಈ ಮಾತ್ರೆಗೆ ಕೆರಳುವ ಆಸ್ತಮಾ ಇರುವವರು, ಗರ್ಭಿಣಿಯರು ತೆಗೆದುಕೊಳ್ಳಬಾರದು. ಮೆಡಿಕಲ್ ಶಾಪಿನಿಂದ ತಂದು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳ ಮೇಲೂ ನುಂಗುತ್ತಿದ್ದರೆ ತಲೆನೋವಿನ ಕಾಯಿಲೆ ಇರುವವರಿಗೆ ಆ ಮಾತ್ರೆಯೇ ತಲೆನೋವು ತರತೊಡಗಬಹುದು. ಟ್ರಮಡಾಲ್ ಜಾತಿಯ ಬಲವಾದ ನೋವಿನ ಮಾತ್ರೆಗಳು ಮಲ ಕಟ್ಟುತ್ತವೆ, ಮಲ ಕಟ್ಟಿದರೆ ಕಿಬ್ಬೊಟ್ಟೆ ನೋವು ಹೆಚ್ಚುತ್ತದೆ. ಅಲ್ಲಿಗೆ ಸುತ್ತಿ ಸುತ್ತಿ ಮೊದಲಿದ್ದ ಜಾಗಕ್ಕೇ ಬಂದಂತೆ.

ಒಂದೇ ಕಲ್ಲಿಗೆ ಎರಡು ಮೂರು ಹಣ್ಣು ಬೀಳುವ ಮದ್ದೂ ಇದೆ. ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ 10 ಮಿ.ಗ್ರಾಂನಿಂದ ಶುರುಮಾಡಿ ನಿಧಾನಕ್ಕೆ ಏರಿಸಿದರೆ ಮೈಗ್ರೇನ್, ಮೂತ್ರಕೋಶದ ನೋವು, ಭೇದಿಯಾಗುವ ಐಬಿಎಸ್, ನಿದ್ದೆ ಇಷ್ಟಕ್ಕೂ ನೆರವಾಗಬಲ್ಲದು. ಮಲಬದ್ಧತೆ ಇರುವವರಿಗೆ ಅದೇ ತೊಂದರೆ. ಖಿನ್ನತೆಯ ಮಾತ್ರೆ ಎಂದು ಚೀಟಿಯಲ್ಲಿ ಓದಿ ಹೆದರಬೇಡಿ, ಇಷ್ಟು ಕಡಿಮೆ ಪ್ರಮಾಣದಲ್ಲಿ ಅದನ್ನು ಕೊಡುವುದು ನರದ ನೋವಿಗೆ. ನರದ ನೋವಿಗೆಂದು ಕೊಡುವ ಇನ್ನೊಂದು ಮದ್ದು ಗ್ಯಾಬಾಪೆಂಟಿನ್ ವಿಷಯ ಬೇರೆ. ಕಾರಣ ಕಾಣದ ಕಿಬ್ಬೊಟ್ಟೆ ನೋವಿದ್ದ 306 ಮಹಿಳೆಯರ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಮದ್ದಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ, ತಲೆಸುತ್ತು, ಮಂಪರು ಮಾತ್ರ ಹೆಚ್ಚು ತಂದಿತು.

ಗರ್ಭಕೋಶ ತೆಗೆಸಿದರೆ ಮುಗಿಯಿತೇ?

‘ಮಕ್ಕಳಾದವಲ್ಲ, ಇನ್ನೇಕೆ ಅದು, ತೆಗೆಸಿಬಿಡಿ’ ಎಂಬ ಮಾತನ್ನು ಕೇಳದ ಹೆಣ್ಣುಮಕ್ಕಳು ಕಡಿಮೆ. ಗರ್ಭಕೋಶದ ಗೋಡೆಯೊಳಗೇ ಪದರ ಬೆಳೆದು ವಿಪರೀತ ರಕ್ತ ಹೋಗುವ ಅಡಿನೊಮಯೋಸಿಸ್‌ನಂಥ ಕಾಯಿಲೆಗಳಲ್ಲಿ, ಬೇರೆ ಮದ್ದು ಸೋತಾಗ, ಅದು ಸರಿಯಾದ ಚಿಕಿತ್ಸೆಯೇ. ಆದರೆ ನೋವು ಮೂತ್ರಕೋಶದ್ದೋ ಕರುಳಿನದೋ ತಳದ ಸ್ನಾಯುವಿನದೋ ಆಗಿದ್ದರೆ ಗರ್ಭಕೋಶ ಹೋಗುತ್ತದೆ, ನೋವು ಉಳಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯವನ್ನೂ ತೆಗೆದರೆ ಮೂಳೆ ಸವೆತ, ಹೃದಯದ ತೊಂದರೆ ಬೇಗ ಬರುತ್ತವೆ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಬಡ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಿದ ದೂರಿನ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು. ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ನೋವು ಗರ್ಭಕೋಶದ್ದೇ ಎಂಬುದಕ್ಕೆ ಆಧಾರವೇನು? ಮಾತ್ರೆಯನ್ನೋ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವನ್ನೋ ಎಷ್ಟು ತಿಂಗಳು ಪ್ರಯತ್ನಿಸಿ ನೋಡಿದ್ದೇವೆ? ಅಂಡಾಶಯ ಉಳಿಸುತ್ತೀರಾ? ಎರಡನೇ ವೈದ್ಯರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ.

ಆಸ್ಪತ್ರೆಗೆ ಹೋಗುವ ಮೊದಲು

ಎರಡು ಮುಟ್ಟಿನ ಅವಧಿ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಿರಿ. ಮುಟ್ಟಿನ ಎಷ್ಟನೇ ದಿನ, ನೋವು ಹತ್ತಕ್ಕೆ ಎಷ್ಟು, ಎಲ್ಲಿ, ಮೂತ್ರ ಮಲ ಸಂಭೋಗ ಕೆಲಸ ಯಾವುದಕ್ಕೆ ಏರಿತು ಯಾವುದಕ್ಕೆ ಇಳಿಯಿತು, ಮಲ ಹೇಗಿತ್ತು, ನಿದ್ದೆ ಎಷ್ಟು ಗಂಟೆ, ಯಾವ ಮಾತ್ರೆ. ಓದುಬರಹ ಬಾರದವರಿಗೆ ಮನೆಯ ಮಕ್ಕಳು ಕ್ಯಾಲೆಂಡರಿನಲ್ಲಿ ಬಣ್ಣದ ಚುಕ್ಕಿ ಇಟ್ಟರೂ ಸಾಕು. ಮೂತ್ರದ ತೊಂದರೆ ಇದ್ದರೆ ಮೂರು ದಿನ ಅಳತೆ ಲೋಟದಲ್ಲಿ ಹಿಡಿದು ಪ್ರತಿ ಸಲದ ಮಿ.ಲೀ. ಗುರುತು ಹಾಕಿ. ಸಾಮಾನ್ಯವಾಗಿ ಒಂದು ಸಲಕ್ಕೆ 300ರ ಆಸುಪಾಸು ಬರಬೇಕು. ದಿನಕ್ಕೆ ಹದಿನೈದು ಸಲ 80, 100 ಎಂದಿದ್ದರೆ ಮೂತ್ರಕೋಶದ ಕಡೆ ನೋಡಬೇಕೆಂದು ಆ ಹಾಳೆಯೇ ಹೇಳುತ್ತದೆ.

ಹಾಸನದ ಹಿಮ್ಸ್‌ನಂಥ ಬೋಧನಾ ಆಸ್ಪತ್ರೆಯ ಅನುಕೂಲವೆಂದರೆ ಸ್ತ್ರೀರೋಗ, ಮೆಡಿಸಿನ್, ಸರ್ಜರಿ ವಿಭಾಗಗಳು ಒಂದೇ ಕಡೆ ಇರುವುದು. ಎಲ್ಲ ಫೈಲನ್ನೂ ಒಂದೇ ಚೀಲದಲ್ಲಿ ಒಯ್ದು, ಒಂದು ವಿಭಾಗದಿಂದ ಇನ್ನೊಂದಕ್ಕೆ ಬರೆಸಿಕೊಳ್ಳಿ. ನೋವಿನ ಚಿಕಿತ್ಸೆಯನ್ನೇ ನೋಡುವವರು ಹೆಚ್ಚಾಗಿ ಅರವಳಿಕೆ ತಜ್ಞರು. ಶೃಂಗೇರಿ, ಕೊಪ್ಪದ ಕಡೆಯಿಂದ ಘಾಟಿ ರಸ್ತೆಯಲ್ಲಿ ಬರುವವರು ಬಸ್ಸಿನಲ್ಲಿ ಹಿಂದಿನ ಸೀಟು ಬಿಟ್ಟು ನಡುವೆ ಕೂತರೆ ಕುಲುಕಾಟ ಕಡಿಮೆ.

ಮನೆಯಲ್ಲಿ, ತೋಟದಲ್ಲಿ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬಯಲಿಗೆ ಹೋಗಲು ಮರೆಯಿಲ್ಲವೆಂದು ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಸಂಜೆಯವರೆಗೆ ನಿಲ್ಲುವ ಹೆಣ್ಣಾಳುಗಳಿಗೆ ಈ ನೋವು ಹೆಚ್ಚುವುದು ಸಹಜ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲ ಒಣಗುತ್ತದೆ, ತಡೆದು ತಡೆದು ತಳದ ಸ್ನಾಯು ಬಿಗಿಯುತ್ತದೆ. ಎರಡು ಮೂರು ಗಂಟೆಗೊಮ್ಮೆ ಹೋಗಿಬರುವಂತೆ ತೋಟದಲ್ಲಿ ಒಂದು ಶೌಚಾಲಯ ಇರುವುದು ಇಲ್ಲಿ ಮದ್ದಿನಷ್ಟೇ ಮುಖ್ಯ. ಹಣ್ಣಿನ ಚೀಲವನ್ನು ಕಿಬ್ಬೊಟ್ಟೆಗೆ ಬಿಗಿಯಾಗಿ ಕಟ್ಟುವ ಬದಲು ಹೆಗಲಿಗೆ ಹಾಕಿದರೆ ಒತ್ತಡ ಇಳಿಯುತ್ತದೆ.

ಬಿಗಿದ ಸ್ನಾಯು ಸಡಿಲಿಸಲು: ಅಂಗಾತ ಮಲಗಿ, ಮಂಡಿ ಮಡಚಿ, ಮಂಡಿಯಡಿ ಎರಡು ದಿಂಬು ಇಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆಯುವಾಗ ಹೊಟ್ಟೆ ಉಬ್ಬಲಿ, ತಳದ ಸ್ನಾಯು ಕೆಳಗೆ ಇಳಿದಂತೆ ಭಾವಿಸಿ. ಆರು ಎಣಿಸುತ್ತ ಬಿಡಿ. ಐದು ನಿಮಿಷ, ದಿನಕ್ಕೆ ಎರಡು ಸಲ, ಕನಿಷ್ಠ ಆರು ವಾರ. ಮುಂದೆ ಮಂಡಿ ಅಗಲಿಸಿ ಶಶಾಂಕಾಸನ (ಮಂಡಿಯೂರಿ ಕೂತು ಮುಂದಕ್ಕೆ ಬಾಗುವ ಆಸನ) ಸೇರಿಸಬಹುದು. ಮೊಬೈಲಿನಲ್ಲಿ ನೋಡಿ ಕೆಗೆಲ್ ವ್ಯಾಯಾಮ ಮಾತ್ರ ಶುರುಮಾಡಬೇಡಿ. ಅದು ಸಡಿಲವಾದ ಸ್ನಾಯುವನ್ನು ಬಿಗಿಮಾಡುವಂಥದು, ಈಗಾಗಲೇ ಬಿಗಿದಿದ್ದರೆ ನೋವು ಹೆಚ್ಚುತ್ತದೆ.

ಮಲಬದ್ಧತೆಗೆ ಒಂದು ಚಮಚ ಇಸಬಗೋಲು ತುಂಬಿದ ಲೋಟ ನೀರಿನಲ್ಲಿ. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಗೋಧಿ ತೌಡು ಐಬಿಎಸ್ ಇರುವವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಕಾಫಿ ಬೆಳೆಯುವ ನಾಡಿನಲ್ಲಿ ಹೇಳಲು ಮನಸ್ಸಾಗದ ಮಾತೊಂದು: ಮೂತ್ರಕೋಶದ ನೋವಿರುವವರು ಕಾಫಿ, ಟೀ, ಹುಳಿ, ಖಾರವನ್ನು ಎರಡು ವಾರ ಬಿಟ್ಟು ನೋಡಬೇಕು. ಆಮೇಲೆ ಮೂರು ದಿನಕ್ಕೊಂದರಂತೆ ಮರಳಿ ಸೇರಿಸುತ್ತ ಹೋದರೆ ಯಾವುದು ಕೆರಳಿಸುತ್ತದೆಂದು ಗೊತ್ತಾಗುತ್ತದೆ. ಕೆರಳಿಸದಿದ್ದರೆ ಬಿಡುವ ಅಗತ್ಯವಿಲ್ಲ. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿ 15–20 ನಿಮಿಷ ಇಡಬಹುದು. ನಿದ್ದೆಗೆಟ್ಟು ಮನಸ್ಸು ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.

ಗಂಡಸರಿಗೂ ಬರುತ್ತದೆ

ವೃಷಣದ ಹಿಂದೆ, ಗುದದ ಮುಂದೆ ನೋವು, ಮೂತ್ರದಲ್ಲಿ ಉರಿ, ಸ್ಖಲನದ ನಂತರ ನೋವು ಮೂರು ತಿಂಗಳು ಮೀರಿದರೆ ಪ್ರಾಸ್ಟೇಟ್ ಸೋಂಕು ಎಂದು ಆ್ಯಂಟಿಬಯೋಟಿಕ್ ಕೊಡುವುದೇ ರೂಢಿ. ಇಂಥ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಸೂಕ್ಷ್ಮಾಣು ಸಿಗುವುದಿಲ್ಲ. ಮೇಲೆ ಹೇಳಿದ ಸ್ನಾಯು, ನರ, ಕರುಳಿನ ಲೆಕ್ಕವೇ ಅಲ್ಲಿಯೂ ನಡೆಯುತ್ತದೆ. ನಾಚಿಕೆಯಿಂದ ಹೇಳದೆ ಇರುವುದು ಅವರಲ್ಲಿ ಇನ್ನೂ ಹೆಚ್ಚು.

ಇವಕ್ಕೆ ನೋಟ್‌ಬುಕ್ ಬೇಡ, ಕೂಡಲೇ ಹೊರಡಿ

ಮುಟ್ಟು ತಪ್ಪಿದ್ದು ಒಂದು ಪಕ್ಕಕ್ಕೆ ಥಟ್ಟನೆ ತಡೆಯಲಾರದ ನೋವು, ತಲೆಸುತ್ತು ಬಂದರೆ ಗರ್ಭ ನಾಳದಲ್ಲಿ ನಿಂತು ಒಡೆದಿರಬಹುದು. 108ಕ್ಕೆ ಕರೆಮಾಡಿ. ಹುಡುಗರಲ್ಲಿ, ಗಂಡಸರಲ್ಲಿ ಹಠಾತ್ ವೃಷಣ ನೋವು ಬಂದರೆ ಅದು ತಿರುಚಿಕೊಂಡಿರಬಹುದು, ಉಳಿಸಲು ಇರುವುದು ಸುಮಾರು ಆರು ಗಂಟೆ. ಜ್ವರ ಮತ್ತು ದುರ್ವಾಸನೆಯ ಬಿಳಿಸೆರಗಿನೊಡನೆ ನೋವಿದ್ದರೂ, ಮೂತ್ರ ಕಟ್ಟಿಕೊಂಡು ತೊಡೆಸಂದು ಮರಗಟ್ಟಿದರೂ ಅದೇ ದಿನ ತೋರಿಸಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಾಣುವುದು, ಸಂಭೋಗದ ನಂತರ ರಕ್ತ, ಮಲದಲ್ಲೋ ಮೂತ್ರದಲ್ಲೋ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾಗಿ ಇಳಿಯದ ಹೊಟ್ಟೆಯುಬ್ಬರ, ಇವಕ್ಕೆ ವಾರದೊಳಗೆ ಪರೀಕ್ಷೆ ಆಗಬೇಕು. ಹಳೆಯ ನೋವು ಇದ್ದವರಿಗೂ ಹೊಸ ಕಾಯಿಲೆ ಬರಬಹುದು. ಆದ್ದರಿಂದ ‘ಇದು ಯಾವಾಗಲೂ ಇರುವುದೇ’ ಎನ್ನುವ ಮೊದಲು, ಈ ನೋವು ಮೊದಲಿನಂತೆಯೇ ಇದೆಯೇ, ಬೇರೆ ಥರ ಇದೆಯೇ ಎಂದು ಕೇಳಿಕೊಳ್ಳಿ. ಬೇರೆ ಎನಿಸಿದರೆ ಅದನ್ನೇ ವೈದ್ಯರಿಗೆ ಮೊದಲ ಮಾತಾಗಿ ಹೇಳಿ.